ಹಾಲಿನ ಪ್ಲೇಟ್ ಯಂತ್ರ ಮತ್ತು ಒತ್ತಡದ ಅಂತರ

ಸಹಕಾರ ಸಂಘದಲ್ಲಿ ಅಳೆದ ಹಾಲು ಡೇರಿಗೆ ತಲುಪಿದ ಮೇಲೆ, ಅದನ್ನು ಕಾಯಿಸಲು ಹಾಗೂ ತಂಪು ಮಾಡಲು ಪ್ಲೇಟ್ ಯಂತ್ರವನ್ನು ಬಳಸುತ್ತಾರೆ. ಇದರ ಮೊದಲ ಮಾದರಿಯನ್ನು 1923ರಲ್ಲಿ ಇಂಗ್ಲೆಂಡಿನಲ್ಲಿ ರಿಚರ್ಡ್ ಸೆಲಿಗ್‌ಮನ್ ರೂಪಿಸಿದ್ದು ಹಾಲಿನ ಸಲುವಾಗಿಯೇ. ಅರ್ಧ ಮಿಲಿಮೀಟರಿನಷ್ಟು ತೆಳುವಾದ, ಏರುತಗ್ಗಿನ ಗೆರೆಗಳಿರುವ ಉಕ್ಕಿನ ತಟ್ಟೆಗಳನ್ನು ರಬ್ಬರ್ ಪಟ್ಟಿಯೊಡನೆ ಸಾಲಾಗಿ ಬಿಗಿದಿರುತ್ತಾರೆ. ಒಂದು ಸಂದಿಯಲ್ಲಿ ಹಾಲು ಹರಿದರೆ ಪಕ್ಕದ ಸಂದಿಯಲ್ಲಿ ಬಿಸಿನೀರೋ ಐಸ್ ನೀರೋ ಹರಿಯುತ್ತದೆ.

ಕಿರಿದಾದ ಈ ಸಂದಿಗಳಲ್ಲಿ ಹಾಲು ಹರಿಯಬೇಕಾದರೆ ಒಳಬಾಯಿಯಲ್ಲಿ ಒತ್ತಡ ಹೆಚ್ಚು, ಹೊರಬಾಯಿಯಲ್ಲಿ ಕಡಿಮೆ ಇರಲೇಬೇಕು. ಈ ಅಂತರ ಪೂರ್ತಿ ನಷ್ಟವಲ್ಲ. ಗೆರೆಗಳಿಗೆ ಬಡಿದು ಹಾಲು ಕದಡುವುದರಿಂದ ತಟ್ಟೆಗೆ ಅಂಟಿದ ನಿಶ್ಚಲ ಪದರ ತೆಳುವಾಗಿ, ಶಾಖ ಬೇಗ ದಾಟುತ್ತದೆ. ಹಾಗೆಂದು ಪಂಪಿನ ವೇಗ ಹೆಚ್ಚಿಸುತ್ತ ಹೋಗುವುದು ಜಾಣತನವಲ್ಲ. ಹರಿವು ಎರಡು ಪಟ್ಟಾದರೆ ಒತ್ತಡದ ಅಂತರ ಸುಮಾರು ನಾಲ್ಕು ಪಟ್ಟಾಗುತ್ತದೆ. ಶಾಖ ದಾಟುವ ಪ್ರಮಾಣ ಮಾತ್ರ ಎರಡು ಪಟ್ಟೂ ಆಗುವುದಿಲ್ಲ.

ಹರಿವು ಮೊದಲಿನಷ್ಟೇ ಇದ್ದು ಅಂತರ ಏರುತ್ತಿದ್ದರೆ ಸಂದಿಗಳು ಕಟ್ಟಿಕೊಳ್ಳುತ್ತಿವೆ ಎಂದರ್ಥ. ಕಾಯಿಸುವ ಭಾಗದಲ್ಲಿ ಹಾಲಿನ ಪ್ರೋಟೀನು ಮತ್ತು ಸುಣ್ಣದ ಲವಣಗಳು ತಟ್ಟೆಗೆ ಹತ್ತಿ ಗಟ್ಟಿಯಾಗುತ್ತವೆ. ಹುಳಿಗೆ ತಿರುಗತೊಡಗಿದ ಹಾಲಿನಲ್ಲಿ ಇದು ಇನ್ನೂ ಬೇಗ. ಸಂಜೆ ಉಳಿದ ಹಾಲನ್ನು ಬೆಳಗಿನ ಕ್ಯಾನಿಗೆ ಸುರಿಯುವವರಿಗೆ ಈ ಸಂಗತಿ ಕಾಣುವುದಿಲ್ಲ. ಯಂತ್ರ ನಿಲ್ಲಿಸಿ ಕಾಸ್ಟಿಕ್ ಸೋಡಾ, ಆಮ್ಲಗಳಿಂದ ತೊಳೆಯುವ ಖರ್ಚು ಸುತ್ತಿ ಬಳಸಿ ಉತ್ಪಾದಕರ ಮೇಲೆಯೇ ಬೀಳುತ್ತದೆ.

ಇದಕ್ಕಿಂತ ಗಂಭೀರವಾದದ್ದು ತಟ್ಟೆಯ ಎರಡು ಬದಿಗಳ ನಡುವಿನ ಅಂತರ. ಪಾಶ್ಚರೀಕರಣದಲ್ಲಿ ಹಾಲನ್ನು 72 ಡಿಗ್ರಿ ಸೆಂಟಿಗ್ರೇಡಿನಲ್ಲಿ 15 ಸೆಕೆಂಡು ಇಡುತ್ತಾರೆ. ಹೀಗೆ ಕಾದ ಹಾಲಿನ ಶಾಖ ಪೋಲಾಗದಂತೆ, ಅದರಿಂದಲೇ ಒಳಬರುವ ತಣ್ಣನೆಯ ಹಸಿ ಹಾಲನ್ನು ಬೆಚ್ಚಗೆ ಮಾಡುತ್ತಾರೆ. ಎರಡರ ನಡುವೆ ಇರುವುದು ಆ ತೆಳು ತಟ್ಟೆ ಮಾತ್ರ. ಅದರಲ್ಲಿ ಸೂಜಿಮೊನೆಯಷ್ಟು ರಂಧ್ರವಾದರೂ ಕಣ್ಣಿಗೆ ಬೀಳದು. ಹಸಿ ಹಾಲಿನ ಒತ್ತಡ ಹೆಚ್ಚಿದ್ದರೆ ರೋಗಾಣುಗಳು ಶುದ್ಧ ಹಾಲಿಗೆ ನುಗ್ಗುತ್ತವೆ. ಶುದ್ಧ ಹಾಲಿನ ಒತ್ತಡ ಹೆಚ್ಚಿದ್ದರೆ ಸೋರಿದ್ದು ಹಸಿ ಹಾಲಿಗೆ ಸೇರಿ ಮತ್ತೆ ಕಾಯುತ್ತದೆ, ಅಪಾಯವಿಲ್ಲ. ಆದ್ದರಿಂದಲೇ ಅನೇಕ ಯಂತ್ರಗಳಲ್ಲಿ ಪಂಪನ್ನು ಈ ಭಾಗದ ನಂತರ ಜೋಡಿಸಿ, ಹಸಿ ಹಾಲನ್ನು ತಳ್ಳುವ ಬದಲು ಎಳೆದುಕೊಳ್ಳುತ್ತಾರೆ.

ಐಸ್ ನೀರಿನ ಭಾಗದಲ್ಲಿಯೂ ಹಾಲಿನ ಒತ್ತಡವೇ ಮೇಲಿರಬೇಕು. ಆಗ ತಟ್ಟೆ ತೂತಾದರೆ ಐಸ್ ನೀರು ಬೆಳ್ಳಗಾಗುತ್ತದೆ. ಹಾಲಿನ ನಷ್ಟವೇನೋ ನಿಜ, ಆದರೆ ಹಾಲಿಗೆ ನೀರು ಸೇರುವುದಿಲ್ಲ.