ಮನಸ್ಸು ಸರಿಯಾಗಲಿ ಎಂದು ಕಾಯಬೇಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಡುಪಿಯಲ್ಲಿ ಮಳೆಯದ್ದೇ ಕಾರುಬಾರು. ಬನ್ನಂಜೆಯ ಫ್ಲ್ಯಾಟ್ ಆಗಲಿ, ಕಾಪುವಿನ ಹೆಂಚಿನ ಮನೆಯಾಗಲಿ, ಹಗಲಿಗೇ ಲೈಟು ಬೇಕು. ಒಳಗೆ ಹರವಿದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಪತಿ ಗಲ್ಫ್‌ನಲ್ಲಿ, ಮಕ್ಕಳು ಶಾಲೆಯಲ್ಲಿ. ಇಂಥ ದಿನಗಳಲ್ಲಿ ಏನೂ ಬೇಡವೆನಿಸಿ, ಬೆಳಗಿನ ಕೆಲಸ ಮುಗಿದೊಡನೆ ಮತ್ತೆ ಹಾಸಿಗೆಗೆ ಹೋಗಬೇಕೆಂದು ನಿಮಗೂ ಅನಿಸಿರಬಹುದು. ಹೇಳಿಕೊಂಡರೆ ಮನೆಯವರ ಮಾತು ಒಂದೇ: "ನಿನಗೇನು ಕಡಿಮೆಯಾಗಿದೆ?"

ದುಃಖ ಈಮಾನಿನ ಕೊರತೆಯಲ್ಲ

ಮನಸ್ಸು ಕುಗ್ಗಿದವರಿಗೆ ಈ ಪ್ರಶ್ನೆಯೇ ಇನ್ನೊಂದು ಹೊರೆ. ತನ್ನ ಈಮಾನ್ ದುರ್ಬಲವಾಗಿದೆಯೇನೋ ಎಂಬ ಅಪರಾಧ ಭಾವವೂ ಸೇರಿಕೊಳ್ಳುತ್ತದೆ. ಖದೀಜ(ರ) ಮತ್ತು ಅಬೂತಾಲಿಬ್ ತೀರಿಕೊಂಡ ವರ್ಷವನ್ನು ಇಸ್ಲಾಮಿನ ಇತಿಹಾಸವು 'ದುಃಖದ ವರ್ಷ' ಎಂದೇ ಕರೆದಿದೆ. ಪ್ರವಾದಿ(ಸ)ಯವರೇ ದುಃಖಿಸಿದ್ದರೆಂದಾದರೆ, ನೀವು ದುಃಖಿಸುವುದು ತಪ್ಪು ಹೇಗಾದೀತು? ಮನೆಯಲ್ಲಿ ಸಾವಾದಾಗ ಆಯಿಶಾ(ರ) 'ತಲ್ಬೀನಾ' ಎಂಬ ಗಂಜಿ ಮಾಡಿಸುತ್ತಿದ್ದರೆಂದು ಹದೀಸ್ ಗ್ರಂಥಗಳಲ್ಲಿದೆ. ನೊಂದವರಿಗೆ ಉಪದೇಶಕ್ಕಿಂತ ಮೊದಲು ಬಿಸಿಯಾದ ಒಂದು ಬಟ್ಟಲು ಗಂಜಿ ಕೊಡಬೇಕೆಂಬ ತಿಳಿವಳಿಕೆ ಅದರಲ್ಲಿದೆ.

ಮೊದಲು ಕೆಲಸ, ಆಮೇಲೆ ಉತ್ಸಾಹ

"ಮನಸ್ಸು ಸರಿಯಾದ ಮೇಲೆ ಮಾಡುತ್ತೇನೆ" ಎಂದು ನಾವು ಕಾಯುತ್ತೇವೆ. ಕಾದಷ್ಟೂ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಹಿಡಿಸುವ ಕೆಲಸ ಬಿಟ್ಟರೆ ಸಂತೋಷ ಕಡಿಮೆಯಾಗುತ್ತದೆ, ಸಂತೋಷ ಕಡಿಮೆಯಾದರೆ ಕೆಲಸ ಇನ್ನೂ ಬೇಡವಾಗುತ್ತದೆ. ಈ ಸುತ್ತನ್ನು ಮುರಿಯಲು, ಮನಸ್ಸಿಲ್ಲದಿದ್ದರೂ ಹಿಂದೆ ಇಷ್ಟವಾಗಿದ್ದ ಚಿಕ್ಕದೊಂದು ಕೆಲಸವನ್ನು ಮೊದಲು ಮಾಡಬೇಕು. ಉತ್ಸಾಹ ಹಿಂದಿನಿಂದ ಬರುತ್ತದೆ.

ಇದು ಬರಿಯ ಸಮಾಧಾನದ ಮಾತಲ್ಲ. ನಮ್ಮ ಪಕ್ಕದ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯಿದ್ದ ಸುಮಾರು 500 ಮಂದಿಯ ಮೇಲೆ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ತರಬೇತಿ ಪಡೆದ ಸಾಮಾನ್ಯ ಜನರೇ ಆರೆಂಟು ಭೇಟಿಗಳಲ್ಲಿ, ದಿನದ ಚಟುವಟಿಕೆಗಳನ್ನು ಮತ್ತೆ ಶುರುಮಾಡಲು ರೋಗಿಗಳಿಗೆ ನೆರವಾದರು. 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಮೂರು ತಿಂಗಳ ಬಳಿಕ ಈ ನೆರವು ಪಡೆದವರಲ್ಲಿ 100ಕ್ಕೆ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಪಡೆಯದವರಲ್ಲಿ 39 ಮಂದಿ ಮಾತ್ರ.

ಮನೆಯಲ್ಲೇ ಏನು ಮಾಡಬಹುದು?

ಬೆಳಕು: ಫಜ್ರ್ ನಮಾಝಿನ ಬಳಿಕ ಮತ್ತೆ ಮಲಗುವ ಬದಲು, ಬೆಳಕು ಹರಿದೊಡನೆ ಅರ್ಧ ಗಂಟೆ ಜಗಲಿಯಲ್ಲೋ ಬಾಲ್ಕನಿಯಲ್ಲೋ ಕುಳಿತುಕೊಳ್ಳಿ. ಮೋಡ ಕವಿದಿದ್ದರೂ ಹೊರಗಿನ ಬೆಳಕು ಕೋಣೆಯ ಟ್ಯೂಬ್‌ಲೈಟಿಗಿಂತ ಹೆಚ್ಚು. ನಿದ್ದೆ ಎಚ್ಚರಗಳ ಲಯವನ್ನು ಸರಿಪಡಿಸುವುದು ಈ ಬೆಳಕೇ.

ರುಚಿ: ಎಲ್ಲರಿಗೂ ಬಡಿಸಿ ಕೊನೆಗೆ ತಣ್ಣಗಾದುದನ್ನು ನಿಂತುಕೊಂಡೇ ತಿನ್ನುವ ಅಭ್ಯಾಸ ಬಿಡಿ. ಲಿಂಬೆ ಹಿಂಡಿದ ಒಂದು ಲೋಟ ಸುಲೈಮಾನಿ, ಕಾವಲಿಯಿಂದ ಆಗಷ್ಟೇ ಎದ್ದ ಎರಡು ನೀರುದೋಸೆ ಸಾಕು. ಕುಳಿತು, ಮೊಬೈಲ್ ದೂರವಿಟ್ಟು ತಿನ್ನಿ.

ಪರಿಮಳ: ಸಿಕ್ಕಿದರೆ ಒಂದು ಚೆಂಡು ಶಂಕರಪುರ ಮಲ್ಲಿಗೆ, ಇಲ್ಲವಾದರೆ ಕಪಾಟಿನಲ್ಲಿ ಹಬ್ಬಕ್ಕೆಂದು ಎತ್ತಿಟ್ಟ ಅತ್ತರು. ಅದನ್ನು ಇಂದೇ ಹಚ್ಚಿಕೊಳ್ಳಿ. ಸ್ನಾನ ಮಾಡಿ ಇಷ್ಟದ ಬಟ್ಟೆ ಉಡಲು ಅತಿಥಿಗಳೇ ಬರಬೇಕೆಂದಿಲ್ಲ.

ಹಸಿರು: ಅಡುಗೆಗೆ ತಂದ ಪುದೀನಾದ ಎರಡು ಕಡ್ಡಿಗಳನ್ನು ನೀರಿನಲ್ಲಿಡಿ. ಒಂದೆರಡು ವಾರದಲ್ಲಿ ಬೇರು ಬಿಡುತ್ತವೆ. ನಾಳೆ ನೋಡಲು ಏನೋ ಒಂದಿದೆ ಎಂಬುದೇ ಕುಗ್ಗಿದ ಮನಸ್ಸಿಗೆ ಆಸರೆ.

ಮಾತು: ಬಹಳ ದಿನಗಳಿಂದ ಮಾತಾಡದ ಅಕ್ಕನಿಗೋ ಗೆಳತಿಗೋ ಹತ್ತು ನಿಮಿಷ ಫೋನ್ ಮಾಡಿ. ಗಂಟೆಗಟ್ಟಲೆ ರೀಲ್ಸ್ ನೋಡುವುದು ಇದಕ್ಕೆ ಬದಲಿಯಲ್ಲ.

ಬರೆದಿಡಿ

ಎಲ್ಲವನ್ನೂ ಒಂದೇ ದಿನ ಮಾಡಹೊರಟರೆ ಸೋಲುತ್ತೀರಿ. ರಾತ್ರಿ ಮಲಗುವ ಮುನ್ನ ಕಾಗದದಲ್ಲಿ ನಾಳೆಗೆ ಎರಡೇ ಕೆಲಸ ಬರೆಯಿರಿ: ಖುಷಿ ಕೊಡುವ ಒಂದು, 'ಮುಗಿಸಿದೆ' ಎಂಬ ತೃಪ್ತಿ ಕೊಡುವ ಇನ್ನೊಂದು. ಸಮಯವನ್ನೂ ಬರೆಯಿರಿ. 'ಕಪಾಟು ಸರಿಮಾಡಬೇಕು' ಎನ್ನಬೇಡಿ, 'ಅಸರ್ ಬಳಿಕ ಮೇಲಿನ ಒಂದು ಸಾಲು' ಎನ್ನಿ. ಮಾಡುವ ಮೊದಲು ಮತ್ತು ಮಾಡಿದ ಮೇಲೆ ಮನಸ್ಸಿಗೆ ಹತ್ತರಲ್ಲಿ ಎಷ್ಟು ಅಂಕವೆಂದು ಗುರುತು ಹಾಕಿ. ಮೂರು ಇದ್ದದ್ದು ನಾಲ್ಕಾದರೂ ಅದು ಪ್ರಗತಿಯೇ. ಒಂದು ವಾರದಲ್ಲಿ ನಿಮಗೆ ಯಾವುದು ಹಿಡಿಸುತ್ತದೆಂದು ನಿಮ್ಮ ಕಾಗದವೇ ಹೇಳುತ್ತದೆ.

ವೈದ್ಯರ ಬಳಿ ಯಾವಾಗ?

ಬೇಸರ ಎರಡು ವಾರ ದಾಟಿದರೆ, ನಿದ್ದೆ ಹಸಿವು ಕೆಟ್ಟರೆ, ಹೆರಿಗೆಯ ಬಳಿಕ ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದಿದ್ದರೆ ಸುಲೈಮಾನಿ, ಮಲ್ಲಿಗೆಗಳು ಸಾಲವು. ಬದುಕು ಬೇಡವೆನಿಸಿದರೆ ಒಂದು ದಿನವೂ ತಡಮಾಡಬೇಡಿ. ಬನ್ನಂಜೆಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಎಲ್ಲವೂ ಹತ್ತಿರ. ಮನೆಯಿಂದ ಹೊರಡಲಾಗದಿದ್ದರೆ ಸರಕಾರದ ಉಚಿತ ಸಹಾಯವಾಣಿ 'ಟೆಲಿ ಮಾನಸ್' ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮನೆಯವರಿಗೂ ಒಂದು ಮಾತು. ನಿಮ್ಮ ಪತ್ನಿ, ಸೊಸೆ ಅಥವಾ ಉಮ್ಮ ಸುಮ್ಮನೆ ಮೂಲೆ ಹಿಡಿದಿದ್ದರೆ "ಏನು ಕಡಿಮೆಯಾಗಿದೆ?" ಎಂದು ಕೇಳಬೇಡಿ. ಒಂದು ಲೋಟ ಚಹಾ ಮಾಡಿ ತಂದು ಪಕ್ಕದಲ್ಲಿ ಕುಳಿತುಕೊಳ್ಳಿ.