ಊರ ಕಾವಲು ಯಾರ ಹೊಣೆ?

ಕಳೆದ ಬೇಸಗೆಯ ಒಂದು ಮಧ್ಯಾಹ್ನ ನಾನು ಹುಟ್ಟೂರಿನಲ್ಲಿದ್ದೆ. ಒಕ್ಕಣೆ ಮುಗಿದು ಕಣಗಳಲ್ಲಿ ರಾಗಿಹುಲ್ಲಿನ ಬಣವೆಗಳು ಸಾಲಾಗಿ ನಿಂತಿದ್ದವು. ವಿದ್ಯುತ್ ತಂತಿಯಿಂದ ಸಿಡಿದ ಕಿಡಿಯೊಂದು ಅಂಚಿನ ಬಣವೆಯ ಮೇಲೆ ಬಿದ್ದಿತು. ಗಾಳಿ ಊರಿನ ಕಡೆಗೇ ಬೀಸುತ್ತಿತ್ತು. ಅಗ್ನಿಶಾಮಕ ಠಾಣೆಗೆ ಒಡನೆಯೇ ಸುದ್ದಿ ಮುಟ್ಟಿಸಿದೆವು. ಆದರೆ ಠಾಣೆಯಿರುವ ತಾಲ್ಲೂಕು ಕೇಂದ್ರಕ್ಕೂ ನಮ್ಮೂರಿಗೂ 28 ಕಿಲೋಮೀಟರು. ಅಷ್ಟರಲ್ಲಿ ಕೆರೆಯ ಏರಿಯಾಚೆಯ ಊರಿನವರು ಹೊಗೆಯನ್ನು ಕಂಡು ಕರೆಯದೆಯೇ ಓಡಿಬಂದರು. ಗೋಮಾಳದ ಗಡಿಯ ವಿಷಯದಲ್ಲಿ ಎರಡೂ ಊರುಗಳಿಗೆ ಹಲವು ವರ್ಷಗಳ ಮನಸ್ತಾಪವಿದೆ. ಆದರೂ ಅಲ್ಲಿನ ತರುಣನೊಬ್ಬನು ತನ್ನ ಟ್ರ್ಯಾಕ್ಟರಿಗೆ ನೀರಿನ ಟ್ಯಾಂಕರನ್ನು ಕಟ್ಟಿಕೊಂಡು ಬಂದು, ಉರಿಯುವ ಬಣವೆಗೂ ಮೊದಲ ಮನೆಗೂ ನಡುವೆ ಅದನ್ನು ನಿಲ್ಲಿಸಿದನು. ಅಗ್ನಿಶಾಮಕ ದಳದವರು ಬಂದು ಒಳಗೊಳಗೇ ಕನಲುತ್ತಿದ್ದ ಕೆಂಡವನ್ನು ಪೂರ್ತಿಯಾಗಿ ಆರಿಸುವ ವೇಳೆಗೆ ಐದು ಬಣವೆಗಳು ಬೂದಿಯಾಗಿದ್ದವು, ಮನೆಗಳು ಉಳಿದಿದ್ದವು. ತರುಣನ ಬಲಗೈ ಮೊಣಕೈವರೆಗೆ ಸುಟ್ಟಿತ್ತು.

ಅವನ ಚಿಕಿತ್ಸೆಯ ವೆಚ್ಚದ ಪ್ರಶ್ನೆ ಮರುದಿನ ಎದ್ದಿತು. ಎರಡು ಊರುಗಳೂ ಬೇರೆ ಬೇರೆ ಗ್ರಾಮ ಪಂಚಾಯಿತಿಗಳಿಗೆ ಸೇರಿದವು. ಆತ ನಮ್ಮ ವ್ಯಾಪ್ತಿಯವನಲ್ಲ ಎಂದು ಒಂದು ಪಂಚಾಯಿತಿ ಹೇಳಿತು. ಬೆಂಕಿ ಬಿದ್ದದ್ದು ನಮ್ಮ ವ್ಯಾಪ್ತಿಯಲ್ಲಲ್ಲ ಎಂದು ಇನ್ನೊಂದು. ಇಬ್ಬರೂ ಸುಳ್ಳನ್ನೇನೂ ಆಡಲಿಲ್ಲ. ಆಸ್ಪತ್ರೆಯಲ್ಲಿ ನಾನು ಈ ಮಾತನ್ನು ಸಂಕೋಚದಿಂದಲೇ ಎತ್ತಿದಾಗ ಆ ತರುಣನು, "ಬೆಂಕಿಗೇನು ಗಡಿಕಲ್ಲು ಕಾಣ್ತದಾ, ಮೇಷ್ಟ್ರೇ?" ಎಂದು ನಕ್ಕನು. ನನಗೆ ನಗು ಬರಲಿಲ್ಲ.

ಅಂದು ಸಂಜೆ ಕೆರೆಯ ಏರಿಯ ಮೇಲೆ ಮನೆಗೆ ಮರಳುತ್ತಿದ್ದಾಗ, ಚಿಕ್ಕಂದಿನಿಂದ ಒರಗಿ ಕೂರುತ್ತಿದ್ದ ವೀರಗಲ್ಲಿನ ಮುಂದೆ ನಿಂತೆ. ಕನ್ನಡ ನಾಡಿನ ಸಾವಿರಾರು ಊರುಗಳಲ್ಲಿ ಇಂತಹ ಕಲ್ಲುಗಳಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಮೇಲಕ್ಕೊಯ್ಯುವ ಅಪ್ಸರೆಯರು, ತುದಿಯಲ್ಲಿ ಶಿವಸನ್ನಿಧಿ. ಇವುಗಳಲ್ಲಿ ಅನೇಕವು ರಾಜರ ಮಹಾಯುದ್ಧಗಳಲ್ಲಿ ಮಡಿದವರವಲ್ಲ. ದನಗಳನ್ನು ಹೊಡೆದೊಯ್ಯುವ 'ತುರುಗೊಳ್', ಊರನ್ನೇ ನಾಶಮಾಡುವ 'ಊರಳಿವು', ಇವನ್ನು ಎದುರಿಸಿ ಸತ್ತ ಸಾಮಾನ್ಯರವು. ಹಾಗೆ ಮಡಿದವನ ಮನೆಯವರಿಗೆ ಬಿಟ್ಟ ಭೂಮಿಯನ್ನು ಶಾಸನಗಳು 'ಕಲ್ನಾಡು', 'ನೆತ್ತರುಗೊಡಗೆ' ಎಂಬ ಮಾತುಗಳಿಂದ ಕರೆಯುತ್ತವೆ. ನೆತ್ತರಿಗೆ ಪ್ರತಿಯಾಗಿ ಕೊಟ್ಟ ಕೊಡುಗೆ! ಊರಿಗಾಗಿ ನೊಂದವನ ಸಂಸಾರ ಊರಿನ ಹೊಣೆಯೆಂಬ ತಿಳಿವಳಿಕೆ ಈ ಒಂದು ಪದದಲ್ಲಿ ಅಡಗಿದೆ.

ನೆರೆಯೂರುಗಳ ಪರಸ್ಪರ ರಕ್ಷಣೆಯೂ ಹೊಸ ವಿಚಾರವೇನಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತ ಓಲೆಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು, ನೂರರಿಂದ ಐನೂರು ಕುಟುಂಬಗಳ ಊರುಗಳನ್ನು ಒಂದೆರಡು ಕ್ರೋಶಗಳ ಎಲ್ಲೆಯಲ್ಲಿ, ಒಂದನ್ನೊಂದು ಕಾಯುವಂತೆ ನೆಲೆಗೊಳಿಸಬೇಕೆಂದು ವಿಧಿಸುತ್ತದೆ. ಬೇಸಗೆಯಲ್ಲಿ ಹಳ್ಳಿಗರು ಮನೆಯ ಹೊರಗೆ ಅಡಿಗೆ ಮಾಡಬೇಕೆಂಬ ಮುನ್ನೆಚ್ಚರಿಕೆಯನ್ನೂ ಅದು ಮರೆತಿಲ್ಲ.

ಹಾಗೆಂದು ಹಳೆಯ ವ್ಯವಸ್ಥೆಯನ್ನೇ ಮರಳಿ ಬಯಸುವುದು ಸಲ್ಲದು. ತಳವಾರನು ರಾತ್ರಿಯ ಗಸ್ತು ತಿರುಗುತ್ತಿದ್ದನು, ತೋಟಿಯು ಸುದ್ದಿ ಹೊತ್ತು ನಡೆಯುತ್ತಿದ್ದನು, ನೀರಗಂಟಿಯು ಕೆರೆಯ ತೂಬನ್ನು ನೋಡಿಕೊಳ್ಳುತ್ತಿದ್ದನು, ನಿಜ. ಆದರೆ ಆ ದುಡಿಮೆ ಹುಟ್ಟಿನಿಂದಲೇ ಹೆಗಲಿಗೇರುತ್ತಿದ್ದ ಹೊರೆ. ಅದನ್ನು ಹೊತ್ತವರಲ್ಲಿ ಅನೇಕರು ತಾವು ಕಾಯುತ್ತಿದ್ದ ಊರಿನ ಬಾವಿಯಲ್ಲಿ ನೀರು ಸೇದುವಂತಿರಲಿಲ್ಲ. 1961ರ ಅಧಿನಿಯಮವು 1963ರಲ್ಲಿ ಜಾರಿಗೆ ಬಂದು ಈ ವಂಶಪಾರಂಪರ್ಯ ಗ್ರಾಮಾಧಿಕಾರಗಳನ್ನು ರದ್ದುಮಾಡಿದ್ದು ನ್ಯಾಯವೇ ಸರಿ. ಹೊರೆ ಇಳಿಯಿತು, ಆದರೆ ಕೆಲಸವು ಯಾರ ಪಾಲಿಗೆ ಬಂದಿತು?

ಇದಕ್ಕೆ ಉತ್ತರವನ್ನು ಸಂವಿಧಾನದಲ್ಲಿ ಹುಡುಕಿದರೆ ಕುತೂಹಲಕರವಾದ ಸಂಗತಿಯೊಂದು ಕಣ್ಣಿಗೆ ಬೀಳುತ್ತದೆ. 73ನೆಯ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂದಾಗ, ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಹನ್ನೊಂದನೆಯ ಅನುಸೂಚಿ ಸೇರಿತು. ಅದೇ ವರ್ಷ ಜಾರಿಗೆ ಬಂದ 74ನೆಯ ತಿದ್ದುಪಡಿಯಿಂದ, ನಗರಸಭೆಗಳಿಗಾಗಿ 18 ವಿಷಯಗಳ ಹನ್ನೆರಡನೆಯ ಅನುಸೂಚಿ ಬಂದಿತು. ನಗರಗಳ ಪಟ್ಟಿಯಲ್ಲಿ ಅಗ್ನಿಶಾಮಕ ಸೇವೆಯಿದೆ. ಹಳ್ಳಿಗಳ ಪಟ್ಟಿಯಲ್ಲಿ ಕುಡಿಯುವ ನೀರು, ರಸ್ತೆ, ಸೌದೆ, ಮೇವು ಇವೆಯೇ ಹೊರತು ಬೆಂಕಿಯಿಂದ ರಕ್ಷಣೆಯಿಲ್ಲ. ಮೇವನ್ನು ಬೆಳೆಸುವುದು ಪಂಚಾಯಿತಿಯ ವಿಷಯ. ಅದು ಹೊತ್ತಿಕೊಂಡರೆ ಅಲ್ಲ! ಅಗ್ನಿಶಾಮಕ ದಳವೂ ಪೊಲೀಸೂ ರಾಜ್ಯದ ಇಲಾಖೆಗಳು. 112 ಸಂಖ್ಯೆಗೆ ಕರೆ ಮಾಡಿದರೆ ಅವರು ಬರುತ್ತಾರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಣಹುಲ್ಲಿಗೆ ಬಿದ್ದ ಬೆಂಕಿ 28 ಕಿಲೋಮೀಟರಿನವರೆಗೆ ಕಾಯುವುದಿಲ್ಲ. ಆ ನಡುವಣ ಅರ್ಧಗಂಟೆಯನ್ನು ತುಂಬುವವರು ನೆರೆಯವರೇ.

ಕರ್ನಾಟಕದ 1993ರ ಪಂಚಾಯತ್ ರಾಜ್ ಅಧಿನಿಯಮವು ಸಾಮಾನ್ಯವಾಗಿ ಐದರಿಂದ ಏಳು ಸಾವಿರ ಜನಸಂಖ್ಯೆಗೆ ಒಂದು ಗ್ರಾಮ ಪಂಚಾಯಿತಿಯನ್ನು ಕಲ್ಪಿಸಿತು. ಅಷ್ಟು ಸಣ್ಣ ಸಂಸ್ಥೆ ಅಗ್ನಿಶಾಮಕ ಠಾಣೆಯೊಂದನ್ನು ಸಾಕಲಾರದು. ಯಾರೂ ಅದನ್ನು ಕೇಳುತ್ತಲೂ ಇಲ್ಲ. ಆದರೆ ನೆರೆಯ ಎರಡು ಪಂಚಾಯಿತಿಗಳು ಕೂಡಿ ಕುಳಿತು ಕೆಲವನ್ನು ನಿಶ್ಚಯಿಸಬಹುದು: ಯಾರ ಯಾರ ಬಳಿ ಟ್ಯಾಂಕರುಗಳಿವೆ, ಅವರ ದೂರವಾಣಿ ಸಂಖ್ಯೆಗಳೇನು, ಬೇಸಗೆಯಲ್ಲಿ ನೀರು ತುಂಬುವ ಸ್ಥಳವೆಲ್ಲಿ, ಬಣವೆಗಳ ನಡುವೆಯೂ ತಂತಿಯ ಕೆಳಗೂ ಎಷ್ಟು ತೆರಪು ಇರಬೇಕು, ಬಂದವನ ಡೀಸೆಲ್ ವೆಚ್ಚ ಮತ್ತು ಗಾಯದ ವೆಚ್ಚ ಯಾರದು. ಈ ಕೊನೆಯ ಅಂಶಕ್ಕೆ ಇಲಾಖೆಯ ಒಪ್ಪಿಗೆ ಬೇಕಾದರೆ ಕೇಳಿ ಪಡೆಯಲಿ. ಮನಸ್ತಾಪವಿರುವ ಊರುಗಳಿಗಂತೂ ಇಂತಹ ಒಡಂಬಡಿಕೆ ಹೆಚ್ಚು ಅಗತ್ಯ. ಸ್ನೇಹವಿರುವೆಡೆ ಅದಿಲ್ಲದೆಯೂ ನಡೆದೀತು.

ನಮ್ಮೂರಿನವರು ಮನೆಗಿಷ್ಟು ಎಂದು ಹಣ ಕೂಡಿಸಿ ತರುಣನ ಆಸ್ಪತ್ರೆಯ ಲೆಕ್ಕವನ್ನು ಬಹುಮಟ್ಟಿಗೆ ತೀರಿಸಿದರು. ಗಾಯ ಮಾಯ್ದಿದೆ; ಆದರೆ ಬಲಗೈಯ ಎರಡು ಬೆರಳುಗಳು ಮಡಚುವುದಿಲ್ಲ. ಅವನು ಈಗ ಎಡಗೈಯಿಂದಲೇ ಸ್ಟಿಯರಿಂಗು ತಿರುಗಿಸುತ್ತಾನೆ. ಮುಂದಿನ ಗ್ರಾಮಸಭೆಯಲ್ಲಿ ಈ ನಿರ್ಣಯವನ್ನು ಮಂಡಿಸುವಂತೆ ನಾನು ಬರೆದುಕೊಟ್ಟಿದ್ದೇನೆ. ಬಣವೆಗಳು ಮತ್ತೆ ಏಳುತ್ತಿವೆ. ತಂತಿ ಅಲ್ಲಿಯೇ ಇದೆ. ಮತ್ತೊಮ್ಮೆ ಹೊಗೆ ಕಂಡಾಗ ಏರಿಯಾಚೆಯವರು ಓಡಿಬರುವ ಮುನ್ನ ಒಂದು ಕ್ಷಣ ಯೋಚಿಸಿದರೆ, ಅದು ಅವರ ತಪ್ಪಾಗಲಾರದು.