ಮನಸ್ಸಿನ ಒಲವೂ ಬುದ್ಧಿಯ ಬಲವೂ

ನಮ್ಮ ಮಗಳು ಯಾವ ಮಾದರಿಯವಳು, ಆಕೆಗೆ ಯಾವ ವಿದ್ಯೆ ಒಗ್ಗುವುದು ಎಂದು ತಾಯ್ತಂದೆಗಳು ಈಚೆಗೆ ನಮ್ಮನ್ನು ಕೇಳುವುದುಂಟು. ಹೀಗೆ ಕೇಳುವವರಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಇರುವರು. ಕೆಲವರು ಯಾವುದೋ ಪ್ರಶ್ನಾವಳಿಯ ಫಲವನ್ನು ನಾಲ್ಕು ಇಂಗ್ಲಿಷ್ ಅಕ್ಷರಗಳಾಗಿ ಚೀಟಿಯಲ್ಲಿ ಬರೆದು ತರುವರು. ಆ ಅಕ್ಷರಗಳ ಹಿಂದಿರುವ ಸಿದ್ಧಾಂತವನ್ನು ತಿಳಿಯದೆ ಅವುಗಳ ಮೇಲೆ ಮಗುವಿನ ಭವಿಷ್ಯವನ್ನು ಹೊರಿಸಬಾರದೆಂದು ಈ ಕೆಲವು ಮಾತುಗಳನ್ನು ಬರೆಯುತ್ತೇವೆ.

ಈ ಸಿದ್ಧಾಂತದ ಕರ್ತನು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞನಾದ ಕಾರ್ಲ್ ಯೂಂಗ್, ಸಭಾಪಾಲಕರೊಬ್ಬರ ಮಗನು. 1921ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಈತನು ಮನಸ್ಸಿಗೆ ನಾಲ್ಕು ವ್ಯಾಪಾರಗಳುಂಟೆಂದು ಹೇಳಿದನು. ಇಂದ್ರಿಯಗ್ರಹಣವು ಎದುರಿಗಿರುವುದನ್ನು ಇದ್ದಂತೆಯೇ ಕಾಣುತ್ತದೆ. ಅಂತಃಸ್ಫುರಣವು ಅದರಿಂದ ಏನಾಗಬಹುದೆಂಬುದನ್ನು ಹಿಡಿಯುತ್ತದೆ. ವಿಚಾರವು ಅದರ ತತ್ತ್ವವನ್ನು ಶೋಧಿಸುತ್ತದೆ. ಭಾವವು ಅದರ ಬೆಲೆಯನ್ನು ನಿರ್ಣಯಿಸುತ್ತದೆ. ಭಾವವೆಂದರೆ ಇಲ್ಲಿ ಕಣ್ಣೀರಲ್ಲ, ಅದೂ ಒಂದು ವಿಧದ ತೀರ್ಮಾನವೇ. ಇವು ಒಬ್ಬರಲ್ಲಿ ಬಹಿರ್ಮುಖವಾಗಿಯೂ ಇನ್ನೊಬ್ಬರಲ್ಲಿ ಅಂತರ್ಮುಖವಾಗಿಯೂ ನಡೆಯುವುವು. ಯಾವುದನ್ನು ಹೆಚ್ಚಾಗಿ ನೆಚ್ಚುವೆವೋ ಅದು ಬಳಕೆಯಿಂದ ಹರಿತವಾಗುತ್ತದೆ. ಅದಕ್ಕೆ ಎದುರಾದುದು ಬೀಳುಭೂಮಿಯಂತೆ ಉಳಿಯುತ್ತದೆ.

ಸಸ್ಯಶಾಸ್ತ್ರದ ತರಗತಿಯಲ್ಲಿ ಹುಡುಗಿಯರ ಕೈಗೆ ದಾಸವಾಳದ ಹೂವನ್ನು ಕೊಟ್ಟು ನೋಡಿರಿ. ಒಬ್ಬಳು ಐದು ಎಸಳುಗಳನ್ನೂ ಕೇಸರಗಳೆಲ್ಲ ಕೂಡಿ ಕೊಳವೆಯಾಗಿರುವುದನ್ನೂ ಒಂದು ಗೆರೆಯೂ ತಪ್ಪದಂತೆ ಚಿತ್ರಿಸುವಳು. ಪಕ್ಕದವಳ ಚಿತ್ರವು ಅರ್ಧಕ್ಕೇ ನಿಂತಿರುವುದು. ಇಷ್ಟು ಉದ್ದವಾದ ಹೂವಿನ ಜೇನನ್ನು ಕುಡಿಯಲು ಯಾವ ಹಕ್ಕಿ ಬರುತ್ತದೆಂದು ಆಕೆ ಕಿಟಕಿಯ ಹೊರಗೆ ನೋಡುತ್ತಿರುವಳು. ಪರೀಕ್ಷೆಯಲ್ಲಿ ಮೊದಲಿನವಳಿಗೆ ಅಂಕಗಳು, ಎರಡನೆಯವಳಿಗೆ ಅಜಾಗರೂಕಳೆಂಬ ಹೆಸರು. ಇಬ್ಬರಲ್ಲಿಯೂ ಬುದ್ಧಿಯುಂಟು, ಅದು ಹೊರಡುವ ಬಾಗಿಲು ಮಾತ್ರ ಬೇರೆ ಎಂಬುದನ್ನು ಕಾಣಲು ಯೂಂಗನ ವಿಭಾಗವು ಉಪಾಧ್ಯಾಯಿನಿಗೆ ನಿಜವಾಗಿಯೂ ಸಹಾಯ ಮಾಡುವುದು.

ನಾಲ್ಕು ಅಕ್ಷರಗಳಾದರೋ ಯೂಂಗನವಲ್ಲ. ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಆಕೆಯ ಮಗಳು ಇಸಾಬೆಲ್ ಮೈಯರ್ಸ್ ಆತನ ಗ್ರಂಥವನ್ನು ಓದಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಜನರಿಗೆ ತಕ್ಕ ಉದ್ಯೋಗ ದೊರೆಯಲೆಂದು ಪ್ರಶ್ನಾವಳಿಯನ್ನು ರಚಿಸತೊಡಗಿದರು. ಅದರಿಂದ 16 ಮಾದರಿಗಳಾದುವು. ಇಬ್ಬರೂ ಮನಶ್ಶಾಸ್ತ್ರದಲ್ಲಿ ಪದವಿ ಪಡೆದವರಲ್ಲ. ಅವರ ಶ್ರಮವನ್ನು ಮಾತ್ರ ಹೊಗಳಲೇಬೇಕು. 1980ರಲ್ಲಿ ಬಂದ ಮೈಯರ್ಸಳ ಪುಸ್ತಕದ ಹೆಸರು ‘ಗಿಫ್ಟ್ಸ್ ಡಿಫರಿಂಗ್’. ರೋಮಾಪುರದವರಿಗೆ ಪೌಲನು ಬರೆದ ಪತ್ರಿಕೆಯ 12ನೆಯ ಅಧ್ಯಾಯದಿಂದ ತೆಗೆದುಕೊಂಡುದು.

ಆದರೆ ಈ ಪ್ರಶ್ನಾವಳಿಯು ಒಲವನ್ನು ಕೇಳುತ್ತದೆ, ಬಲವನ್ನು ಅಳೆಯುವುದಿಲ್ಲ. ವಿಚಾರವನ್ನು ಮೆಚ್ಚುವವರೆಲ್ಲ ಸರಿಯಾಗಿ ವಿಚಾರಿಸಬಲ್ಲರೆಂದು ಇದರಿಂದ ತಿಳಿಯದು. ಕೆಲವು ವಾರಗಳ ಮೇಲೆ ಪುನಃ ಉತ್ತರಿಸಿದವರಲ್ಲಿ ಅನೇಕರಿಗೆ ಒಂದಾದರೂ ಅಕ್ಷರ ಬದಲಾಗಿರುವುದನ್ನು ಸಂಶೋಧಕರು ಕಂಡಿರುವರು. ಬಹುಮಂದಿಯ ಅಂಕಗಳು ನಡುವಿನಲ್ಲಿಯೇ ನಿಲ್ಲುವುವು. ಅಲ್ಲಿ ಗೆರೆಯೆಳೆದರೆ ಹೆಚ್ಚುಕಡಿಮೆ ಒಂದೇ ಸ್ವಭಾವದ ಇಬ್ಬರು ಎರಡು ಕಡೆಗೆ ಬೀಳುವರು. ಉದ್ಯೋಗಕ್ಕೆ ಆರಿಸಲು ಇದನ್ನು ಬಳಸಕೂಡದೆಂದು ಅದನ್ನು ಪ್ರಕಟಿಸುವವರೇ ಹೇಳಿರುವರು.

ಹೀಗಿರಲು, ‘ನಮ್ಮ ಹುಡುಗಿ ಭಾವದ ಮಾದರಿಯವಳು, ಗಣಿತವನ್ನು ಬಿಡಿಸಿರಿ’ ಎಂಬ ಬೇಡಿಕೆಗೆ ನಾವು ಒಪ್ಪಲಾರೆವು. ಹೆಣ್ಣುಮಕ್ಕಳಿಗೆ ಗಣಿತವೇಕೆಂಬ ಹಳೆಯ ಮಾತು ಹೊಸ ಅಂಗಿ ತೊಟ್ಟು ಬಂದಿದೆಯೋ ಎಂಬ ಸಂಶಯವೂ ನಮಗುಂಟು. ಅಂಥ ತಾಯ್ತಂದೆಗಳು ಚೀಟಿಯನ್ನು ಮನೆಯಲ್ಲಿಟ್ಟು ಮಗಳ ಲೆಕ್ಕದ ಪುಸ್ತಕವನ್ನು ತರಲಿ. ಆಕೆ ಎಲ್ಲಿ ತಡೆದು ನಿಂತಿರುವಳೆಂಬುದನ್ನು ಒಟ್ಟಿಗೆ ಕುಳಿತು ನೋಡೋಣ.